ಕಡಲ ಬದಿಯ ಮನೆಯ ಸುತ್ತ

ರಜೆಯಲ್ಲಿ ಬೇಕಲದ ಕಡೆಗೆ ಹೋದರೆ ಕಡಲ ಬದಿಯ ತೆಂಗಿನ ತೋಟಗಳ ನಡುವೆ ಪ್ರವಾಸಿಗರು ತಂಗುವ ಮನೆಗಳನ್ನು ಕಾಣುವಿರಿ. ಅಂತಹ ಮನೆಯೊಂದರಲ್ಲಿ ನೀವು ಎರಡು ದಿನ ಉಳಿದಿದ್ದೀರಿ ಎಂದುಕೊಳ್ಳಿ. ಬಂದವರೆಲ್ಲ ಮೊದಲು ಕೋಟೆಗೆ ಓಡುತ್ತಾರೆ. ಇಕ್ಕೇರಿಯ ಶಿವಪ್ಪ ನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಆ ಕೋಟೆ ಎಲ್ಲಿಗೂ ಹೋಗುವುದಿಲ್ಲ. ನಾವು ಮೊದಲು ಮನೆಯ ಸುತ್ತ ನೋಡೋಣ.

ಅಂಗಳದಲ್ಲಿ ಬಾವಿಯಿದೆ. ದೊಡ್ಡವರೊಬ್ಬರು ಕೊಡಪಾನದಲ್ಲಿ ನೀರು ಸೇದಿಕೊಡಲಿ. ಒಂದು ಹನಿ ನಾಲಿಗೆಗೆ ಮುಟ್ಟಿಸಿ. ಸಿಹಿನೀರು! ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಉಪ್ಪಿನ ಕಡಲಿರುವಾಗ ಇದು ಎಲ್ಲಿಂದ ಬಂತು? ಮಳೆಗಾಲದ ನೀರು ಮರಳಿನೊಳಗೆ ಇಂಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದುದರಿಂದ ಅದು ಹಾಲಿನ ಮೇಲಿನ ಕೆನೆಯಂತೆ ನೆಲದಡಿಯ ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಕೊಡಪಾನದಲ್ಲಿ ಸೇದಿದರೆ ಹೆಚ್ಚೇನೂ ಇಳಿಯದು. ಪಂಪು ಹಾಕಿ ದಿನವಿಡೀ ಎಳೆದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಆಗ ಈ ಬಾವಿ ಮಾತ್ರವಲ್ಲ, ನೆರೆಮನೆಯವರ ಬಾವಿಯೂ ಉಪ್ಪಾಗಬಹುದು. ಪ್ರವಾಸಿಗರು ಮರುದಿನ ಊರಿಗೆ ಹೋಗುತ್ತಾರೆ. ನೆರೆಮನೆಯವರು ಎಲ್ಲಿಗೆ ಹೋಗಬೇಕು?

ಗೇಟು ದಾಟಿದರೆ ಮರಳಿನ ಮೇಲೆ ಅಡುಂಬು ಬಳ್ಳಿ ಹಬ್ಬಿದೆ. ಇದರ ಎಲೆ ಆಡಿನ ಗೊರಸಿನಂತೆ ತುದಿಯಲ್ಲಿ ಸೀಳಿರುತ್ತದೆ. ಗೆಣ್ಣುಗಳಲ್ಲಿ ಬೇರುಬಿಟ್ಟು ಇದು ಮರಳನ್ನು ಹಿಡಿದಿಡುತ್ತದೆ. ಕಸವೆಂದು ಇದನ್ನು ಕೀಳುವವರೂ ಇದ್ದಾರೆ! ಕಿತ್ತಲ್ಲಿ ಮರಳು ಗಾಳಿಗೆ ಹಾರಿಹೋಗುತ್ತದೆ.

ನೀರಿನಂಚಿನ ಒದ್ದೆ ಮರಳಿನಲ್ಲಿ ಸಣ್ಣ ತೂತುಗಳು, ಅವುಗಳ ಸುತ್ತ ಮರಳಿನ ಪುಟ್ಟ ಉಂಡೆಗಳು. ಇದು ಪುಟಾಣಿ ಏಡಿಯ ಕೆಲಸ. ಮರಳಿನಲ್ಲಿರುವ ಆಹಾರವನ್ನು ತಿಂದು, ಉಳಿದುದನ್ನು ಅದು ಉಂಡೆ ಮಾಡಿ ಬಿಡುತ್ತದೆ. ಉಬ್ಬರದ ನೀರು ಎಲ್ಲವನ್ನೂ ಅಳಿಸುತ್ತದೆ. ಇಳಿತದಲ್ಲಿ ಏಡಿ ಮತ್ತೆ ಶುರುಮಾಡುತ್ತದೆ.

ಈ ಕರಾವಳಿಗೆ ರಾತ್ರಿಯಲ್ಲಿ ಕಡಲಾಮೆಗಳೂ ಮೊಟ್ಟೆಯಿಡಲು ಬರುವುದುಂಟು. ಒಂದು ಗುಂಡಿಯಲ್ಲಿ ಸುಮಾರು 100 ಮೊಟ್ಟೆಗಳಿರುತ್ತವೆ. ಒಂದೂವರೆ, ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ದಾರಿ ತೋರಿಸಲು ತಾಯಿ ಇರುವುದಿಲ್ಲ. ರಾತ್ರಿಯಲ್ಲಿ ನೆಲಕ್ಕಿಂತ ಕಡಲಿನ ಕಡೆ ಹೆಚ್ಚು ಬೆಳಕಾಗಿರುತ್ತದೆ. ಮರಿಗಳು ಆ ಬೆಳಕಿನತ್ತ ತೆವಳುತ್ತವೆ. ಮನೆಯ ಜಗಲಿಯಲ್ಲಿ ದೊಡ್ಡ ದೀಪ ಉರಿಯುತ್ತಿದ್ದರೆ? ದಾರಿ ತಪ್ಪಿ ಮನೆಯತ್ತ ಬರುತ್ತವೆ. ನಾಯಿ, ಕಾಗೆಗಳ ಬಾಯಿಗೆ ಬೀಳುತ್ತವೆ, ಇಲ್ಲವೇ ಬಿಸಿಲಿಗೆ ಒಣಗಿ ಸಾಯುತ್ತವೆ. ನೀಲೇಶ್ವರದ ಬಳಿಯ ತೈಕಡಪ್ಪುರದಲ್ಲಿ ಊರಿನವರು ಮೊಟ್ಟೆಗಳನ್ನು ಕಾಯ್ದು, ಮರಿಗಳನ್ನು ಕಡಲಿಗೆ ಬಿಟ್ಟಿದ್ದಾರೆ.

ಊಟವಾದ ಮೇಲೆ ಜಗಲಿಯ ದೀಪ ಆರಿಸಿ, ಮನೆಯವರೊಂದಿಗೆ ಸ್ವಲ್ಪ ಹೊತ್ತು ಕುಳಿತಿರಿ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಕಡಲಿನ ಕಡೆ ಮಸುಕಾದ ಬಿಳಿ ಬೆಳಕು ಕಾಣಿಸುತ್ತದೆ. ಮರಿಗಳು ನೋಡುವುದು ಅದನ್ನೇ.