ಪೈಗಂಬರರ ಕಾಲವೂ ನೆರೆಯವರ ಬರಹಗಳೂ

ಪೈಗಂಬರ ಮುಹಮ್ಮದರು ಕ್ರಿ.ಶ. 632ರಲ್ಲಿ ಮದೀನಾ ನಗರದಲ್ಲಿ ಕಾಲವಾದರೆಂಬುದು ಮುಸ್ಲಿಂ ಪರಂಪರೆಯ ನಿರ್ಣಯ. ಅವರ ಚರಿತ್ರೆಯನ್ನು ಸವಿಸ್ತಾರವಾಗಿ ಬರೆದ ಇಬ್ನ್ ಇಸ್‌ಹಾಕನಾದರೋ 767ರ ಸುಮಾರಿಗೆ ತೀರಿಕೊಂಡವನು. ಅವನ ಗ್ರಂಥವೂ ಮುಖ್ಯವಾಗಿ 9ನೆಯ ಶತಮಾನದ ಇಬ್ನ್ ಹಿಶಾಮನು ಪರಿಷ್ಕರಿಸಿದ ರೂಪದಲ್ಲಿಯೇ ಉಳಿದಿದೆ. ಕುರ್‌ಆನ್ ಇದಕ್ಕಿಂತ ಹಿಂದಿನದು ನಿಜ, ಆದರೆ ಅದು ಜೀವನಚರಿತ್ರೆಯಲ್ಲ. ಆದುದರಿಂದ ಆ ಕಾಲದಲ್ಲಿಯೇ ಬಾಳಿದ ಅನ್ಯಮತೀಯರ ಬರಹಗಳತ್ತ ಇತಿಹಾಸಕಾರರ ದೃಷ್ಟಿ ಹರಿದುದು ಸಹಜವೇ.

ಇಂಥವುಗಳಲ್ಲಿ ಬಹು ಬೆಲೆಯುಳ್ಳದ್ದು 640ರ ಸುಮಾರಿನ ಒಂದು ಸಿರಿಯಾಕ್ ವೃತ್ತಾಂತ. ಥಾಮಸನೆಂಬ ಪಾದ್ರಿಯ ಹೆಸರಿನಿಂದ ಅದನ್ನು ಕರೆಯುವ ವಾಡಿಕೆ. ಸೆಲ್ಯೂಸಿಡ್ ಶಕೆಯ 945ನೆಯ ವರ್ಷ, ಫೆಬ್ರವರಿ 4, ಶುಕ್ರವಾರದಂದು, ಗಾಜಾದ ಪೂರ್ವಕ್ಕೆ 12 ಮೈಲಿ ದೂರದಲ್ಲಿ ರೋಮನರಿಗೂ ಮುಹಮ್ಮದರ ಅರಬರಿಗೂ ಕಾಳಗವಾಯಿತೆಂದೂ, ರೋಮನರು ಓಡಿಹೋಗಿ, ಕ್ರೈಸ್ತ, ಯೆಹೂದ್ಯ, ಸಮಾರಿಯ ಮತಗಳ ಸುಮಾರು 4000 ಬಡ ಹಳ್ಳಿಗರು ಹತರಾದರೆಂದೂ ಅದು ಹೇಳುತ್ತದೆ. ಗಣನೆ ಮಾಡಿದರೆ 634ರ ಆ ದಿನ ಶುಕ್ರವಾರವೇ ಆಗುತ್ತದೆ. ಶಾಸನಗಳ ತಿಥಿವಾರಗಳನ್ನು ಹೊಂದಿಸಿ ನೋಡುವವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ವಾದವಿಲ್ಲ, ಉಪದೇಶವಿಲ್ಲ. ಸತ್ತವರ ಲೆಕ್ಕವಷ್ಟೇ ಇದೆ.

ಗ್ರೀಕ್ ಭಾಷೆಯ ‘ಯಾಕೋಬನ ಬೋಧೆ’ಯ ರೀತಿ ಬೇರೆ. ಬಲಾತ್ಕಾರದಿಂದ ಕ್ರೈಸ್ತನಾದ ಯೆಹೂದ್ಯನೊಬ್ಬನು 634ರಲ್ಲಿ ಕಾರ್ಥೇಜಿನಲ್ಲಿ ನಡೆಸಿದ ವಾದವೆಂದು ಅದು ಹೇಳಿಕೊಳ್ಳುತ್ತದೆ. ಅರಬರೊಡನೆ ಪ್ರವಾದಿಯೊಬ್ಬನು ಬರುತ್ತಿದ್ದಾನೆಂಬ ಸುದ್ದಿ ಪ್ಯಾಲೆಸ್ಟೈನಿನ ಪತ್ರವೊಂದರ ಮೂಲಕ ಅದರೊಳಗೆ ಬರುತ್ತದೆ. ಹಾಗಾದರೆ ದಂಡಯಾತ್ರೆಯ ವೇಳೆಗೆ ಪೈಗಂಬರರು ಜೀವಂತರಾಗಿದ್ದರೇ? 1977ರಲ್ಲಿ ಪೆಟ್ರೀಷಿಯಾ ಕ್ರೋನ್ ಮತ್ತು ಮೈಕೆಲ್ ಕುಕ್ ಇದನ್ನು ಹಿಡಿದು ಪರಂಪರೆಯ ಕಾಲಗಣನೆಯನ್ನೇ ಶಂಕಿಸಿದರು. ಆದರೆ ಸೈನ್ಯವನ್ನು ಕಂಡು ಬೆದರಿದ ಜನ, ಅದರ ಪ್ರವಾದಿಯೂ ಜೊತೆಯಲ್ಲಿಯೇ ಇರುವನೆಂದು ಭಾವಿಸುವುದು ಅಸಂಭವವೇನಲ್ಲ. ವಾದಕ್ಕಾಗಿಯೇ ಬರೆದ ಗ್ರಂಥದ ಮೇಲೆ ಇಷ್ಟು ಭಾರ ಹೊರಿಸುವುದು ಉಚಿತವಲ್ಲ.

ಸೆಬಿಯೋಸನದೆಂದು ಹೇಳಲಾಗುವ 660ರ ದಶಕದ ಆರ್ಮೇನಿಯನ್ ಚರಿತ್ರೆಗೆ ತಿಳಿವಳಿಕೆ ಹೆಚ್ಚು. ಮುಹಮ್ಮದರು ವರ್ತಕರು; ಅಬ್ರಹಾಮನ ದೇವರನ್ನು ಬೋಧಿಸಿದರು; ಸತ್ತ ಪ್ರಾಣಿಯ ಮಾಂಸ, ಮದ್ಯ, ಸುಳ್ಳು, ವ್ಯಭಿಚಾರ ಇವುಗಳನ್ನು ನಿಷೇಧಿಸಿದರು ಎನ್ನುತ್ತದೆ. ಈ ನಿಷೇಧಗಳು ಕುರ್‌ಆನಿನೊಡನೆ ಹೊಂದುತ್ತವೆ. ಅದೇ ಲೇಖಕನು ಅರಬರನ್ನು ಯೆಹೂದ್ಯರ ಮಿತ್ರರನ್ನಾಗಿಸಿ, ಹನ್ನೆರಡು ಕುಲಗಳ ಬೈಬಲಿನ ಅಚ್ಚಿನಲ್ಲಿ ಎರಕ ಹೊಯ್ಯುವಾಗ ಮಾತ್ರ ಎಚ್ಚರವಿರಬೇಕು.

ಈ ಮೂರರಲ್ಲಿಯೂ ಮಕ್ಕಾದ ಹೆಸರಿಲ್ಲ. ಈ ಮೌನದಿಂದ ದೊಡ್ಡ ಸಿದ್ಧಾಂತಗಳನ್ನು ಕಟ್ಟಿದವರುಂಟು. ಆದರೆ ಅದೇ ಶತಮಾನದ ಉತ್ತರಾರ್ಧಕ್ಕೆ ಸೇರಿದ ಖುಜಿಸ್ತಾನದ ಸಿರಿಯಾಕ್ ವೃತ್ತಾಂತವು, ಮರುಭೂಮಿಯಲ್ಲಿ ಅಬ್ರಹಾಮನು ಕಟ್ಟಿದ ಆರಾಧನಾಸ್ಥಾನವೊಂದಿದೆಯೆಂದೂ ಅರಬರು ಅಲ್ಲಿ ಪೂಜಿಸುವುದು ಹೊಸತಲ್ಲವೆಂದೂ ಹೇಳಿ, ಮದೀನಾವನ್ನು ಯಸ್ರಿಬ್ ಎಂಬ ಹಳೆಯ ಹೆಸರಿನೊಡನೆ ನಮೂದಿಸುತ್ತದೆ.