ಬಾದಾಮಿಯಿಂದ ಇಳಕಲ್‌ಗೆ 34 ನಿಮಿಷದ ವಿಮಾನ

ಹುನಗುಂದದ ಓದುಗರೊಬ್ಬರು ಮೊಬೈಲಿನ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಬಾದಾಮಿ–ಇಳಕಲ್ ನೇರ ದೂರ 48 ಕಿ.ಮೀ., ವಿಮಾನದಲ್ಲಿ 34 ನಿಮಿಷ. 'ಎರಡೂ ಊರಾಗ ವಿಮಾನ ನಿಲ್ದಾಣನ ಇಲ್ಲ. ಈ 34 ನಿಮಿಷ ಎಲ್ಲಿಂದ ಬಂತ್ರೀ?' ಎಂದು ಕೇಳಿದ್ದಾರೆ.

48 ನಂಬಬಹುದಾದ ಸಂಖ್ಯೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 15.9 ಡಿಗ್ರಿಯ ಆಸುಪಾಸು. ರೇಖಾಂಶದಲ್ಲಿ ಅಂತರ 0.45 ಡಿಗ್ರಿ. ನಮ್ಮ ಕಡೆ ಒಂದು ಡಿಗ್ರಿ ರೇಖಾಂಶವೆಂದರೆ 107 ಕಿ.ಮೀ. ಗುಣಿಸಿ ನೋಡಿ. ಗುಳೇದಗುಡ್ಡ, ಕಮತಗಿ, ಅಮೀನಗಡ, ಹುನಗುಂದ ಮುಟ್ಟಿಕೊಂಡು ಹೋಗುವ ಬಸ್ಸಿಗೆ ಮಾತ್ರ ಇದೇ ದೂರ 70 ಕಿ.ಮೀ. ದಾಟುತ್ತದೆ.

ಭೂಮಿ ದುಂಡಗಿರುವುದರಿಂದ ಮೊಬೈಲು ಇಷ್ಟು ಸರಳವಾಗಿ ಗುಣಿಸುವುದಿಲ್ಲ. ಇಂಥ ಲೆಕ್ಕಕ್ಕೆ ಸಾಮಾನ್ಯವಾಗಿ ಬಳಸುವುದು 'ಹ್ಯಾವರ್ಸೈನ್' ಸೂತ್ರ. ಅದರ ಹಿನ್ನೆಲೆ ಸೊಗಸಾಗಿದೆ. ಭೂಮಿಯ ನಡುವಿನಿಂದ ನೋಡಿದರೆ ಬಾದಾಮಿಗೂ ಇಳಕಲ್‌ಗೂ ನಡುವಿನ ಕೋನ 0.43 ಡಿಗ್ರಿ. ಪಿಯುಸಿಯಲ್ಲಿ ಬಳಸುತ್ತಿದ್ದ ನಾಲ್ಕಂಕಿಯ ಕೋಷ್ಟಕದಲ್ಲಿ ಅದರ ಕೊಸೈನ್ ಹುಡುಕಿದರೆ ಸಿಗುವುದು 1.0000. ಸೊನ್ನೆ ಡಿಗ್ರಿಗೂ ಅದೇ ಉತ್ತರ! ಅಂದರೆ ಆ ಪುಸ್ತಕದ ಪ್ರಕಾರ ಬಾದಾಮಿ, ಇಳಕಲ್ ಎರಡೂ ಒಂದೇ ಊರು. ಹಿಂದಿನ ನಾವಿಕರಿಗೂ ಇದೇ ತಲೆನೋವಿತ್ತು. ಒಂದರಿಂದ ಕೊಸೈನ್ ಕಳೆದು ಅರ್ಧ ಮಾಡಿದ ಬೆಲೆಯನ್ನೇ ಕೋಷ್ಟಕವಾಗಿ ಅಚ್ಚು ಹಾಕಿಸಿಕೊಂಡರೆ ಸಣ್ಣ ಕೋನಗಳು ಕಳೆದುಹೋಗುವುದಿಲ್ಲ. 1835ರಲ್ಲಿ ಜೇಮ್ಸ್ ಇನ್‌ಮನ್ ತಮ್ಮ ನೌಕಾಯಾನದ ಪುಸ್ತಕದಲ್ಲಿ ಅದಕ್ಕೆ ಹ್ಯಾವರ್ಸೈನ್ ಎಂದು ಹೆಸರಿಟ್ಟರು. ಅರ್ಧ ಮಾಡುವ ಮುಂಚಿನ ಬೆಲೆಯೇನೂ ಹೊಸದಲ್ಲ, 'ಸೂರ್ಯಸಿದ್ಧಾಂತ'ದ ಉತ್ಕ್ರಮಜ್ಯಾ ಅದೇ.

ಇನ್ನು 34 ನಿಮಿಷ. ಇದು ಶುದ್ಧ ಬುರುಡೆ. 48 ಕಿ.ಮೀ.ಯನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ ಸುಮಾರು 4 ನಿಮಿಷ. ಏರುವುದಕ್ಕೆ, ಇಳಿಯುವುದಕ್ಕೆ ಅಂತ ಕಣ್ಣುಮುಚ್ಚಿ 30 ಸೇರಿಸಿದರೆ 34. ಆದರೆ 800ರ ವೇಗ ಜೆಟ್ ವಿಮಾನಕ್ಕೆ ದಕ್ಕುವುದು ಹತ್ತು ಕಿ.ಮೀ. ಎತ್ತರದ ತೆಳು ಗಾಳಿಯಲ್ಲಿ. ಅಷ್ಟು ಎತ್ತರದಿಂದ ಹದವಾಗಿ ಇಳಿಯಲು ಸುಮಾರು 180 ಕಿ.ಮೀ. ದಾರಿ ಬೇಕು. ಪಡುವಣದಿಂದ ಬಂದು ಇಳಕಲ್‌ನಲ್ಲಿ ಇಳಿಯಬೇಕಾದ ವಿಮಾನ ಬೆಳಗಾವಿಯ ಮೇಲಿರುವಾಗಲೇ ತಲೆ ತಗ್ಗಿಸಬೇಕು. ಬಾದಾಮಿಯಲ್ಲಿ ಎದ್ದದ್ದಕ್ಕೆ ಆ ಎತ್ತರ ಮುಟ್ಟುವ ಮಾತೇ ಇಲ್ಲ.

ನಿಜವಾಗಿ ಹಾರುವ ವಿಮಾನವನ್ನೇ ನೋಡೋಣ. ಹುಬ್ಬಳ್ಳಿಯಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ನೇರ ದೂರ ಸುಮಾರು 370 ಕಿ.ಮೀ. ಎಟಿಆರ್‌ನಂಥ ಪಂಖದ ವಿಮಾನ ಗಂಟೆಗೆ 500 ಕಿ.ಮೀ. ಹೋಗುತ್ತದೆಂದರೆ ಮುಕ್ಕಾಲು ಗಂಟೆ ಸಾಕಾಗಬೇಕಿತ್ತು. ಟಿಕೆಟ್‌ನಲ್ಲಿ ಒಂದು ಗಂಟೆಗೂ ಮಿಕ್ಕಿ ಬರೆದಿರುತ್ತದೆ. ವಿಮಾನ ನಿಂತ ಜಾಗ ಬಿಟ್ಟು ಕದಲಿದಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗೂ ಕಂಪನಿಯ ಗಡಿಯಾರ ಓಡುತ್ತದೆ. ರನ್‌ವೇಗೆ ಉರುಳುವುದು, ಸರದಿ ಕಾಯುವುದು, ಇಳಿಯುವ ಮುನ್ನ ಸುತ್ತು ಹೊಡೆಯುವುದು ಎಲ್ಲ ಅದರೊಳಗೇ.

ಇಳಕಲ್‌ನವರ ಪಾಡು ಇನ್ನೂ ವಿಚಿತ್ರ. ಬೆಂಗಳೂರು ಅವರಿಗೆ ಆಗ್ನೇಯಕ್ಕೆ, ನೇರ ದೂರ ಸುಮಾರು 365 ಕಿ.ಮೀ. ಹುಬ್ಬಳ್ಳಿಯಲ್ಲಿ ವಿಮಾನ ಹತ್ತಬೇಕೆಂದರೆ ಮೊದಲು ಮೂರು ತಾಸು ಪಶ್ಚಿಮಕ್ಕೆ ಹೋಗಬೇಕು. ನಿಲ್ದಾಣದಲ್ಲಿ ಒಂದು ತಾಸು ಮುಂಚೆ ಹಾಜರಿ, ಹಾರಾಟ ಒಂದು ತಾಸಿನ ಮೇಲೆ, ದೇವನಹಳ್ಳಿಯಿಂದ ಊರೊಳಗೆ ಬರಲು ಮತ್ತೆ ಒಂದೂವರೆ. ಒಟ್ಟು ಆರೂವರೆ ತಾಸು ದಾಟಿತು. ಹೊಸಪೇಟೆ, ಚಿತ್ರದುರ್ಗದ ಮೇಲೆ ಹೋಗುವ ರಾತ್ರಿ ಬಸ್ಸು ಅದಕ್ಕಿಂತ ಒಂದೆರಡು ತಾಸು ಹೆಚ್ಚು ತಗೊಂಡೀತು, ಅಷ್ಟೇ.