ವಿದ್ಯಾಲಯವೂ ಊರಿನ ಸಂಘವೂ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಚಿಕ್ಕ ಗ್ರಾಮವೊಂದಿದೆ. 1987ರಿಂದ ಮುಂದಿನ ಕೆಲವು ವರ್ಷಗಳ ಕಾಲ ಆ ಊರಿನ ಹೆಂಗಸರೂ ಮಕ್ಕಳೂ ಬೆಳಗಾದೊಡನೆ ಕೊಟ್ಟಿಗೆಯ ಸಗಣಿಯನ್ನು ಮಂಕರಿಯಲ್ಲಿ ತುಂಬಿಕೊಂಡು, ತಿಪ್ಪೆಯ ಹಾದಿಯನ್ನು ಬಿಟ್ಟು, ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರದ ಬಳಿಗೆ ಬರುತ್ತಿದ್ದರು. ಅಲ್ಲಿ ಸಗಣಿಯನ್ನು ತಕ್ಕಡಿಗೆ ಹಾಕಿ, ತೂಕವನ್ನು ಲೆಕ್ಕದ ಪುಸ್ತಕದಲ್ಲಿ ಬರೆದು, ಹೊತ್ತು ತಂದ ಶ್ರಮಕ್ಕೆ ಕಿಲೋ ಒಂದಕ್ಕೆ 2 ಪೈಸೆಯಂತೆ ಕೂಲಿಯನ್ನು ಗೊತ್ತುಮಾಡುತ್ತಿದ್ದರು. ಅನಿಲವನ್ನು ತೆಗೆದ ಮೇಲೆ ಉಳಿಯುವ ಬಗ್ಗಡವು ಅವರವರ ಮನೆಗೆ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಆ ಅನಿಲಕ್ಕೆ ಸ್ವಲ್ಪ ಡೀಸೆಲ್ ಬೆರೆಸಿ ನಡೆಸುತ್ತಿದ್ದ ಎಂಜಿನ್ನಿನಿಂದ ವಿದ್ಯುತ್ತು ಹುಟ್ಟಿ, ಕೊಳವೆಬಾವಿಯ ನೀರು ಮೇಲೇರಿ ಊರ ನಲ್ಲಿಗಳಲ್ಲಿ ಹರಿಯುತ್ತಿತ್ತು. ಸಂಜೆಯಾದೊಡನೆ ಮನೆಗಳಲ್ಲಿ ದೀಪ ಹೊತ್ತುತ್ತಿತ್ತು.

ವಿದ್ಯಾಸಂಸ್ಥೆಗಳೂ ಊರಿನ ಸಂಘಗಳೂ ಕೈಜೋಡಿಸಿದರೆ ಜನಜೀವನಕ್ಕೆ ಎಂತಹ ಬಲ ಬಂದೀತೆಂಬುದನ್ನು ಕುರಿತು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಈ ತಕ್ಕಡಿಯ ಬಳಿಗೆ ಹೋಗಿ ನಿಲ್ಲುತ್ತದೆ. ಏಕೆಂದರೆ ಆ ತಕ್ಕಡಿಯು ಅಲ್ಲಿಗೆ ಬಂದ ಬಗೆ ಸುಲಭವಾದುದಾಗಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ, ದೇಶದ ಅತ್ಯುನ್ನತ ವಿಜ್ಞಾನಮಂದಿರದಲ್ಲಿ ನಡೆಯುವ ಸಂಶೋಧನೆಗೂ ದೇಶದ ಬಹುಜನರು ಬಾಳುತ್ತಿರುವ ಹಳ್ಳಿಗಳಿಗೂ ನಡುವೆ ಬಿದ್ದಿದ್ದ ಕಂದಕವನ್ನು ಕಂಡು ಕಳವಳಗೊಂಡು, 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗವನ್ನು ಆರಂಭಿಸಿದರು. ವಿಜ್ಞಾನವನ್ನೂ ತಂತ್ರವಿದ್ಯೆಯನ್ನೂ ಗ್ರಾಮಪ್ರದೇಶಗಳಿಗೆ ಅನ್ವಯಿಸುವುದೇ ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣ ಕೇಂದ್ರವೊಂದು ಸ್ಥಾಪಿತವಾಯಿತು. ಅವರು ಮೊದಲು ಯಂತ್ರಗಳನ್ನು ಹೊತ್ತುಕೊಂಡು ಹೋಗಲಿಲ್ಲವೆಂಬುದು ಗಮನಾರ್ಹ. ಉಂಗ್ರದ ಸುತ್ತಣ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಒಲೆಗೆ ಎಷ್ಟು ಸೌದೆ ಬೇಕು, ಅದನ್ನು ಯಾರು ಎಷ್ಟು ದೂರದಿಂದ ತರುತ್ತಾರೆ, ನೀರಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ದನ ಮೇಯಿಸುವುದಕ್ಕೆ ಎಷ್ಟು ಎಂಬುದನ್ನೆಲ್ಲ ವಿಚಾರಿಸಿ ಬರೆದುಕೊಂಡರು. ಹಳ್ಳಿಯ ಶಕ್ತಿಯ ಬಹುಭಾಗ ಸೌದೆಯಿಂದಲೇ ಬರುತ್ತಿದೆಯೆಂಬುದೂ, ಅದನ್ನು ಹೊಂದಿಸುವ ದುಡಿಮೆಯಲ್ಲಿ ಹೆಂಗಸರ ಮತ್ತು ಮಕ್ಕಳ ಪಾಲು ಬಹಳ ದೊಡ್ಡದೆಂಬುದೂ ಆ ಲೆಕ್ಕದಿಂದ ಸ್ಪಷ್ಟವಾಯಿತು. ಸೌದೆಯನ್ನು ಉಳಿಸಿ ಹೊಗೆಯನ್ನು ಹೊರಗೆ ಕಳಿಸುವ, ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ ‘ಅಸ್ತ್ರ ಒಲೆ’ ರೂಪುಗೊಂಡದ್ದೂ ಈ ಅನ್ವೇಷಣೆಯ ಫಲವಾಗಿಯೇ. ನಮ್ಮಲ್ಲಿ ಎಷ್ಟೋ ಮನೆಗಳ ಅಜ್ಜಿಯರು ಆ ಹೆಸರನ್ನು ಈಗಲೂ ಬಲ್ಲರು.

ಇಷ್ಟು ಎಚ್ಚರದಿಂದ ಹೊರಟವರಿಗೂ ಪುರದಲ್ಲಿ ಮೊದಲ ಹೆಜ್ಜೆ ತಪ್ಪಿತು. ಸಗಣಿಯ ಅನಿಲವನ್ನು ಮನೆಮನೆಯ ಅಡುಗೆಗೆ ಒದಗಿಸಬೇಕೆಂಬುದು ಪ್ರಾರಂಭದ ಯೋಜನೆಯಾಗಿತ್ತು. ಊರಿನ ದನಕರುಗಳ ಸಗಣಿಯಿಂದ ಹುಟ್ಟುವ ಅನಿಲ ಎಲ್ಲರ ಒಲೆಗೂ ಸಾಲದಾಯಿತು. ಅಲ್ಲದೆ ಊರಿನವರ ಮನಸ್ಸಿನಲ್ಲಿದ್ದ ಮೊದಲ ಬೇಡಿಕೆ ಅಡುಗೆಯ ಅನಿಲವಲ್ಲ, ಕುಡಿಯುವ ನೀರು. ಅರ್ಧದಲ್ಲಿ ನಿಂತ ಇಂತಹ ಯೋಜನೆಯನ್ನು ಅಲ್ಲಿಯೇ ಬಿಟ್ಟು, ಜನರ ಅಜ್ಞಾನವೇ ವೈಫಲ್ಯಕ್ಕೆ ಕಾರಣವೆಂದು ವರದಿ ಬರೆದು ಹಿಂದಿರುಗಿದ ಸಂಸ್ಥೆಗಳು ಕಡಿಮೆಯಿಲ್ಲ. ಇವರು ಹಾಗೆ ಮಾಡಲಿಲ್ಲ. ಊರಿನವರೊಡನೆ ಮತ್ತೆ ಕುಳಿತು, ಅವರ ಮಾತನ್ನೇ ಮುಂದಿಟ್ಟುಕೊಂಡು, ಇರುವ ಅನಿಲದಿಂದ ವಿದ್ಯುತ್ತನ್ನು ತೆಗೆದು ನೀರನ್ನೂ ಬೆಳಕನ್ನೂ ಕೊಡುವಂತೆ ಕಾರ್ಯವನ್ನು ಬುಡದಿಂದ ತಿದ್ದಿದರು. ತಾನು ನಿರ್ಧರಿಸಿದ್ದನ್ನು ಹಳ್ಳಿಯ ಮಾತಿಗೆ ಮಣಿದು ಬದಲಾಯಿಸಿಕೊಂಡ ಈ ವಿನಯವನ್ನು ನಾನು ಆ ಸಂಸ್ಥೆಯ ಬೇರೆ ಯಾವ ಸಾಧನೆಗಿಂತಲೂ ಕಡಿಮೆಯೆಂದು ಎಣಿಸಲಾರೆ.

ಇನ್ನು ಎರಡನೆಯ ಸಂಗತಿ, ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯವಾದುದು. ಸ್ಥಾವರದ ಆಡಳಿತವನ್ನು ವಿಜ್ಞಾನಿಗಳು ತಮ್ಮ ಕೈಯಲ್ಲಿ ಇರಿಸಿಕೊಳ್ಳಲಿಲ್ಲ. ಊರಿನ ಗ್ರಾಮ ವಿಕಾಸ ಸಭೆ ಅದನ್ನು ವಹಿಸಿಕೊಂಡಿತು. ಎಂಜಿನ್ನನ್ನು ನಡೆಸಿದವರು ತರಬೇತಿ ಪಡೆದ ಆ ಊರಿನ ತರುಣರೇ. ಒಂದು ಮನೆಯವರು ಸಗಣಿಯನ್ನು ಕೊಡದೆ ಹಿಂದೆಗೆದರೆ ಅನಿಲ ಕಡಿಮೆಯಾಗುತ್ತದೆ, ಅನಿಲ ಕಡಿಮೆಯಾದರೆ ನೀರು ನಿಲ್ಲುತ್ತದೆ, ನೀರು ನಿಂತರೆ ಹಿಂದೆಗೆದವರ ಮನೆಯ ಕೊಡವೂ ಬರಿದಾಗುತ್ತದೆ. ಆದುದರಿಂದ ಊರೊಟ್ಟಿನ ಸೊತ್ತು ಯಾರದೂ ಅಲ್ಲದೆ ಹಾಳಾಗುವುದೆಂಬ ಪಂಡಿತರ ವಾದ ಇಲ್ಲಿ ತಿರುಗುಮುರುಗಾಗಿ, ಹಂಚಿಕೊಂಡದ್ದೇ ಊರನ್ನು ಒಗ್ಗೂಡಿಸಿತೆಂದು ರೆಡ್ಡಿಯವರು ಕಂಡುಕೊಂಡರು. ನೆರೆಹೊರೆಯವರ ಕಣ್ಣು ಮಾಡಿದ ಈ ಕೆಲಸವನ್ನು ಯಾವ ಸರ್ಕಾರಿ ಆಜ್ಞೆಯೂ ಮಾಡಿಸಲಾರದು.

ಕಾಲೇಜುಗಳ ವಿಷಯಕ್ಕೆ ಬಂದರೆ, ಈ ಎರಡನೆಯ ಸಂಗತಿಯೇ ಅಲ್ಲಿ ಮರೆತುಹೋಗುತ್ತದೆ. ಮಹಾತ್ಮ ಗಾಂಧಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆಯನ್ನು (ಎನ್ನೆಸ್ಸೆಸ್) ಆರಂಭಿಸಿದರು. ಇಂದು ಎನ್ನೆಸ್ಸೆಸ್ ಘಟಕವಿಲ್ಲದ ಕಾಲೇಜು ನಮ್ಮಲ್ಲಿ ಅಪರೂಪ. ಸ್ವಯಂಸೇವಕನು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಸಲ್ಲಿಸತಕ್ಕದ್ದು. ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳತಕ್ಕದ್ದು. ಉದ್ದೇಶ ಉದಾತ್ತವಾದುದು. ಶಿಬಿರಕ್ಕೆ ಹೋಗಿಬಂದ ಹುಡುಗನು ತನ್ನ ದೇಶವನ್ನು ಮೊದಲಿಗಿಂತ ಹೆಚ್ಚು ಬಲ್ಲವನಾಗುತ್ತಾನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಊರಿಗೆ ಏನು ಉಳಿಯಿತು?

ನಾನು ವಿದ್ಯಾರ್ಥಿಯಾಗಿದ್ದಾಗ ಅಂತಹ ಒಂದು ಶಿಬಿರದಲ್ಲಿ ನಲವತ್ತು ಮಂದಿ ಹುಡುಗರು ಏಳು ದಿನ ಬೆವರು ಸುರಿಸಿ ಊರಿನ ಮೂಡಣ ಬೀದಿಯ ಉದ್ದಕ್ಕೂ ಚರಂಡಿಯನ್ನು ತೋಡಿದೆವು. ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದುವು, ಸಮಾರೋಪದ ದಿನ ಹಾರ, ಭಾಷಣ, ಪಾಯಸ ಎಲ್ಲವೂ ಆದುವು. ಮರುವರ್ಷ ಮಳೆಗಾಲ ಕಳೆದ ಮೇಲೆ ಬೇರೊಂದು ಕಾರ್ಯದ ನಿಮಿತ್ತ ಅದೇ ಊರಿಗೆ ಹೋದಾಗ ಚರಂಡಿ ಮಣ್ಣಿನಿಂದ ಮುಚ್ಚಿಹೋಗಿತ್ತು. ಪಡುವಣ ಬೀದಿಯಲ್ಲಿ ಮೊಣಕಾಲುದ್ದ ಕೆಸರು ನಿಂತಿತ್ತು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಮುದುಕಿಯೊಬ್ಬಳು ನನ್ನನ್ನು ಗುರುತಿಸಿ, “ನೀರು ಬರೋದು ಆ ಗುಡ್ಡದ ಕಡೆಯಿಂದ ಕಣಪ್ಪ. ನಮ್ಮನ್ನೊಂದು ಮಾತು ಕೇಳಿದ್ರೆ ಹೇಳ್ತಿದ್ವಲ್ಲ ಮಗಾ” ಎಂದಳು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಆ ಮಾತಿನಿಂದ ನನಗಾದ ನಾಚಿಕೆ ಇಂದಿಗೂ ಆರಿಲ್ಲ.

ವಿದ್ಯಾರ್ಥಿಯು ಮೂರು ವರ್ಷಗಳಲ್ಲಿ ಹೊರಟುಹೋಗುವವನು. ಶಿಬಿರದ ಅಧಿಕಾರಿಯು ವರ್ಗವಾಗಿ ಹೋಗುವವನು. ಕಾಲೇಜಿನ ಕಾಲ ಪರೀಕ್ಷೆಯಿಂದ ಪರೀಕ್ಷೆಗೆ ನಡೆಯುತ್ತದೆ. ಊರಿನ ಕಾಲ ಮಳೆಯಿಂದ ಮಳೆಗೆ. ಈ ಎರಡರ ನಡುವೆ ಕೆಲಸವನ್ನು ಕಾಯ್ದುಕೊಂಡು, ಹೋದ ವರ್ಷ ಏನಾಯಿತೆಂಬುದನ್ನು ನೆನಪಿಟ್ಟು, ಬಂದ ಹುಡುಗರಿಗೆ ಗುಡ್ಡದ ಕಡೆಯನ್ನು ತೋರಿಸಬಲ್ಲವರು ಊರಿನಲ್ಲಿಯೇ ನೆಲೆಸಿರುವ ಸಂಘದವರು: ಹಾಲು ಉತ್ಪಾದಕರ ಸಂಘ, ಸ್ತ್ರೀಶಕ್ತಿ ಸಂಘ, ಯುವಕ ಮಂಡಲ, ಗ್ರಂಥಾಲಯ, ಪಂಚಾಯಿತಿ, ಯಾವುದಾದರೂ ಸರಿ. ಅವರು ಜೊತೆಗಿಲ್ಲದಿದ್ದರೆ ಕಾಲೇಜು ಎಷ್ಟೇ ದುಡಿದರೂ ಅದು ನೀರಿನಲ್ಲಿ ಹೋಮಮಾಡಿದಂತೆ.

ಈ ನಂಟು ನಮ್ಮಲ್ಲಿ ಹೊಸತೇನೂ ಅಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಅಧ್ಯಾಪಕರನ್ನು ಊರೂರಿಗೆ ಕಳಿಸಿ, ವಿಜ್ಞಾನ, ಆರೋಗ್ಯ, ಚರಿತ್ರೆಗಳನ್ನು ಕುರಿತು ತಿಳಿಗನ್ನಡದಲ್ಲಿ ಉಪನ್ಯಾಸ ಮಾಡಿಸಿ, ಅವನ್ನು ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳಾಗಿ ಅಚ್ಚುಹಾಕಿಸಿತು. ಮುಂದೆ 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳ ಗುಂಪೊಂದು ಆರ್. ಬಾಲಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಕಟ್ಟಿ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬರು, ಕಾಡುಕುರುಬರು ಮೊದಲಾದ ಗಿರಿಜನರ ನಡುವೆ ನೆಲೆನಿಂತಿತು. ಅಲ್ಲಿ ವಿದ್ಯಾರ್ಥಿಗಳು ಹಿಂದಿರುಗಿ ಹೋಗಲಿಲ್ಲ. ತಾವೇ ಆ ಸೀಮೆಯ ಸಂಸ್ಥೆಯಾಗಿ ಬೆಳೆದರು. ಎಲ್ಲರಿಗೂ ಅದು ಸಾಧ್ಯವೆಂದು ನಾನು ಹೇಳಲಾರೆ.

ಸಾಧ್ಯವಾದುದನ್ನು ಹೇಳುತ್ತೇನೆ. 2014ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನದಲ್ಲಿ ಸೇರಿದ ಪ್ರತಿಯೊಂದು ವಿದ್ಯಾಸಂಸ್ಥೆಯೂ ಕನಿಷ್ಠ 5 ಹಳ್ಳಿಗಳನ್ನು ಆರಿಸಿಕೊಳ್ಳಬೇಕೆಂಬ ನಿಯಮವಿದೆ. ಇದನ್ನು ‘ದತ್ತು ಸ್ವೀಕಾರ’ವೆಂದು ಕರೆಯುವ ರೂಢಿ ನಮ್ಮಲ್ಲಿ ಬಂದಿದೆ. ಈ ಪದ ನನಗೆ ಸರಿತೋರುವುದಿಲ್ಲ. ದತ್ತು ತೆಗೆದುಕೊಳ್ಳುವುದು ಮಗುವನ್ನು. ಹಳ್ಳಿಯಾದರೋ ಕಾಲೇಜಿಗಿಂತ ವಯಸ್ಸಿನಲ್ಲಿಯೂ ಅನುಭವದಲ್ಲಿಯೂ ಹಿರಿಯದು. ನೆಂಟಸ್ತನವೆಂದು ಕರೆಯೋಣ. ನೆಂಟರ ಮನೆಗೆ ಹೋಗುವವರು ಮೊದಲು ಹೇಳಿಕಳಿಸುತ್ತಾರೆ, ಬರಿಗೈಯಲ್ಲಿ ಹೋಗುವುದಿಲ್ಲ, ಒಮ್ಮೆ ಹೋಗಿ ಮರೆತುಬಿಡುವುದೂ ಇಲ್ಲ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ವರ್ಷಕ್ಕೆರಡು ಬಾರಿ ಊರ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ, ಫ್ಲೋರೈಡು ಎಷ್ಟಿದೆಯೆಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ. ವಾಣಿಜ್ಯಶಾಸ್ತ್ರದವರು ಸ್ವಸಹಾಯ ಸಂಘದ ಹೆಂಗಸರೊಡನೆ ಕುಳಿತು ಲೆಕ್ಕದ ಪುಸ್ತಕ ಬರೆಯುವುದನ್ನು ಕಲಿಸಲಿ. ಕೈಗಡದ ಬಡ್ಡಿ ಹಳ್ಳಿಯಲ್ಲಿ ಹೇಗೆ ಏರುತ್ತದೆಂಬುದನ್ನು ಅವರಿಂದ ತಾವು ಕಲಿಯಲಿ. ಯಾವ ಕೆಲಸವನ್ನು ಹಿಡಿದರೂ ಅದರ ಕಡತ ಎರಡು ಪ್ರತಿಯಲ್ಲಿರಲಿ, ಒಂದು ಪ್ರತಿ ಸಂಘದ ಪೆಟ್ಟಿಗೆಯಲ್ಲಿ.

ಈ ಬರಹವನ್ನು ಓದುತ್ತಿರುವವರಲ್ಲಿ ಅನೇಕರು ಯಾವುದಾದರೊಂದು ಸಂಘದ ಅಧ್ಯಕ್ಷರೋ ಕಾರ್ಯದರ್ಶಿಯೋ ಸದಸ್ಯರೋ ಆಗಿರಬಹುದು. ಅವರಲ್ಲಿ ನನ್ನ ಬಿನ್ನಹವಿಷ್ಟೆ. ಕಾಲೇಜಿನವರು ಬರಲೆಂದು ಕಾಯಬೇಡಿ. ಸಂಘದ ಮುಂದಿನ ಸಭೆಯಲ್ಲಿ ಊರಿಗೆ ಮೊದಲು ಬೇಕಾದುದು ಯಾವುದೆಂಬುದನ್ನು, ಹೆಂಗಸರನ್ನು ಮರೆಯದೆ, ಎಲ್ಲರನ್ನೂ ಕೇಳಿ ಗೊತ್ತುಮಾಡಿ. ಅದನ್ನು ಒಂದು ಕಾಗದದಲ್ಲಿ ಬರೆದು ಸಮೀಪದ ಕಾಲೇಜಿನ ಪ್ರಾಂಶುಪಾಲರಿಗೂ ಎನ್ನೆಸ್ಸೆಸ್ ಅಧಿಕಾರಿಗೂ ಕೊಟ್ಟುಬನ್ನಿ. ಶಿಬಿರದ ಊರು ನಿಶ್ಚಯವಾಗುವುದಕ್ಕೆ ಮೊದಲೇ ಅದು ಅವರ ಮೇಜಿನ ಮೇಲಿರಲಿ.